ಒಂದು ಹಿಡಿ, ಒಂದು ಬ್ಲೇಡು, ಒಂದು ಡಬ್ಬಿ: ಪರಿಸರಕ್ಕೆ ಹೊರೆಯಾಗದ ಕ್ಷೌರಕ್ಕೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ಪುಣೆಯ ಉಂಡ್ರಿಯಲ್ಲಿರುವ ನಮ್ಮ ಸೊಸೈಟಿಯ ಗೇಟಿನ ಬಳಿ ಹಸಿಕಸ ಒಣಕಸ ಬೇರ್ಪಡಿಸುತ್ತಿದ್ದ, ನಾವೆಲ್ಲ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಎಂದು ಕರೆಯುವ ಹೆಂಗಸಿನ ತೋರುಬೆರಳನ್ನು ಒಂದು ಬ್ಲೇಡು ಸೀಳಿತು. ಅದು ನಮ್ಮ ಮನೆಯ ಚೀಲದಿಂದ ಬಂದ ಬ್ಲೇಡು. ಹಿಂದಿನ ರಾತ್ರಿ ನಾನೇ ಅದನ್ನು ಒಂದು ಸುತ್ತು ಕಾಗದದಲ್ಲಿ ಮಡಚಿ ಹಾಕಿದ್ದೆ. ಹಸಿಕಸದ ತೇವಕ್ಕೆ ಕಾಗದ ಮೆತ್ತಗಾಗಿ ಬಿಚ್ಚಿಕೊಂಡಿತ್ತು. ಅವರು ಸೆರಗಿನ ಅಂಚಿನಿಂದ ಬೆರಳು ಒತ್ತಿ ಹಿಡಿದು, ‘ಸಾಹೇಬ್, ಬ್ಲೇಡ್ ವೇಗಳಂ ದ್ಯಾ’, ಬ್ಲೇಡನ್ನು ಬೇರೆಯಾಗಿ ಕೊಡಿ, ಎಂದಷ್ಟೇ ಹೇಳಿದರು. ಅವರನ್ನು ಆಸ್ಪತ್ರೆಗೆ ಕರೆದೊಯ್ದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಂದ ಮೇಲೆ, ದಿನನಿತ್ಯ ಕೈಗೆತ್ತಿಕೊಳ್ಳುವ ಈ ಅರ್ಧ ಗ್ರಾಮಿನ ಉಕ್ಕಿನ ಬಗ್ಗೆ ನಾನು ಮೊದಲ ಬಾರಿಗೆ ಗಮನವಿಟ್ಟು ಯೋಚಿಸಿದೆ.

ಪರಿಸರಸ್ನೇಹಿ ರೇಜರ್ ಎಂದರೆ ಬಿದಿರಿನ ಹಿಡಿಯದು, ಹಸಿರು ಎಲೆಯ ಚಿತ್ರವಿರುವ ಪೊಟ್ಟಣದ್ದು ಎಂದು ಅಂಗಡಿಯವರು ತೋರಿಸುತ್ತಾರೆ. ಆದರೆ ಒಂದು ಬ್ಲೇಡು ಎಷ್ಟು ಹಗುರವಾಗಿ ಭೂಮಿಯ ಮೇಲೆ ಬಾಳಿತು ಎಂಬುದು ಮೂರು ಜಾಗಗಳಲ್ಲಿ ತೀರ್ಮಾನವಾಗುತ್ತದೆ: ಅದು ಕೂರುವ ಹಿಡಿಯಲ್ಲಿ, ಅದು ರಾತ್ರಿ ಕಳೆಯುವ ಬಚ್ಚಲಿನ ಗೂಡಿನಲ್ಲಿ, ಮತ್ತು ಅದು ಕೊನೆಗೆ ಸೇರುವ ಡಬ್ಬಿಯಲ್ಲಿ. ಕೊಳ್ಳುವ ಮೊದಲೇ ಈ ಮೂರನ್ನೂ ನಿಶ್ಚಯಿಸಿಕೊಳ್ಳಬೇಕು ಎಂಬುದೇ ನನ್ನ ವಾದ; ಉಳಿದದ್ದೆಲ್ಲ ಅದರ ವಿವರಣೆ.

ಬ್ಲೇಡು ಹೇಗೆ ಮೊಂಡಾಗುತ್ತದೆ

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮುಂದಿನ ಪ್ರತಿಯೊಂದು ಸಲಹೆಯ ಹಿಂದಿನ ಕಾರಣವೂ ತಾನಾಗಿ ಹೊಳೆಯುತ್ತದೆ. ಇಂದಿನ ಬಹುತೇಕ ಬ್ಲೇಡುಗಳು ಸುಮಾರು ಶೇಕಡಾ 13ರಷ್ಟು ಕ್ರೋಮಿಯಂ ಇರುವ, ಕಾಸಿ ಗಟ್ಟಿಗೊಳಿಸಿದ ತುಕ್ಕುನಿರೋಧಕ ಉಕ್ಕಿನವು. ಎರಡಂಚಿನ ಬ್ಲೇಡಿನ ದಪ್ಪ ಕೇವಲ 0.1 ಮಿಲಿಮೀಟರ್. ಅಲಗಿನ ಮೇಲೆ ಕ್ರೋಮಿಯಂ ಅಥವಾ ಪ್ಲಾಟಿನಂನಂಥ ಗಟ್ಟಿ ಲೋಹದ ಲೇಪವೂ, ಅದರ ಮೇಲೆ ಚರ್ಮದ ಮೇಲೆ ಸಲೀಸಾಗಿ ಜಾರಲೆಂದು, ದೋಸೆಯ ನಾನ್‌ಸ್ಟಿಕ್ ತವೆಗೆ ಹಾಕುವಂಥದೇ ಒಂದು ತೆಳು ಪದರವೂ ಇರುತ್ತವೆ.

ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಉಕ್ಕೇ ಸೋಲುವುದೇಕೆ ಎಂಬುದನ್ನು ಅಮೆರಿಕದ ಮ್ಯಾಸಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಅಲಗು ಚಾಕುವಿನಂತೆ ನಿಧಾನವಾಗಿ ಸವೆದು ದುಂಡಗಾಗುತ್ತದೆ ಎಂದು ನಾವು ಭಾವಿಸಿರುತ್ತೇವೆ. ಅವರು ಕಂಡದ್ದು ಬೇರೆ. ಕೂದಲು ಓರೆಯಾಗಿ ಬಾಗಿದಾಗ ಅಲಗಿನ ಪಕ್ಕಕ್ಕೆ ಬೀಳುವ ಒತ್ತಡದಿಂದ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಜಾಗಗಳಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳು ಎದ್ದು ಹೋಗುತ್ತವೆ. ಒಂದು ಚಕ್ಕೆ ಎದ್ದ ಜಾಗದಲ್ಲಿ ಇನ್ನೊಂದು ಏಳುವುದು ಸುಲಭ. ಹಾಗಾಗಿ ಬಿರುಸಾದ ಒಣ ಕೂದಲನ್ನು ಒತ್ತಿ ಕೆರೆಯುವುದೇ ಬ್ಲೇಡಿನ ಮೊದಲ ಶತ್ರು.

ಎರಡನೆಯ ಶತ್ರು ತೇವ. ತುಕ್ಕುನಿರೋಧಕ ಉಕ್ಕು ಎಂಬ ಹೆಸರನ್ನು ಪೂರ್ತಿ ನಂಬಬಾರದು. ಕ್ರೋಮಿಯಂ ಗಾಳಿಯೊಡನೆ ಸೇರಿ ಉಕ್ಕಿನ ಮೇಲೆ ಒಂದು ರಕ್ಷಕ ಪೊರೆಯನ್ನು ಕಟ್ಟಿಕೊಳ್ಳುತ್ತದೆ ನಿಜ. ಆದರೆ ಬೆವರಿನ ಉಪ್ಪು, ನೀರಿನ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತವೆ. ಅಡುಗೆಮನೆಯ ಸ್ಟೀಲ್ ಪಾತ್ರೆಗಿಂತ ಬ್ಲೇಡಿನ ಉಕ್ಕಿನಲ್ಲಿ ಕ್ರೋಮಿಯಂ ಕಡಿಮೆ, ಇಂಗಾಲ ಹೆಚ್ಚು. ಅದಕ್ಕೇ ಅದು ಗಟ್ಟಿ, ಮತ್ತು ಅದಕ್ಕೇ ಅದು ಬೇಗ ತುಕ್ಕು ಹಿಡಿಯುತ್ತದೆ. ಅಲಗಿನ ತುದಿಯಂಥ ಸೂಕ್ಷ್ಮ ಜಾಗದಲ್ಲಿ ಕಣ್ಣಿಗೆ ಕಾಣದ ತುಕ್ಕಿನ ಗುಳಿಯೂ ಕೆನ್ನೆಗೆ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 1: ಹಿಡಿಯನ್ನು ಆರಿಸಿ, ಬ್ಲೇಡನ್ನಲ್ಲ

ಮೊದಲ ತೀರ್ಮಾನ ಹಿಡಿಯದು. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರಿನಲ್ಲಿ ಪ್ಲಾಸ್ಟಿಕ್, ರಬ್ಬರಿನಂಥ ಪಟ್ಟಿ, ಜಾರಿಕೆಯ ಲೇಪ ಮತ್ತು ಉಕ್ಕು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅವುಗಳನ್ನು ಬೇರ್ಪಡಿಸಲು ತಗಲುವ ಶ್ರಮಕ್ಕೆ ಸಿಗುವ ಬೆಲೆ ಏನೂ ಇಲ್ಲ, ಆದ್ದರಿಂದ ಯಾವ ಭಂಗಾರದ ಅಂಗಡಿಯೂ, ಅಂದರೆ ಗುಜರಿ ಅಂಗಡಿಯೂ, ಅದನ್ನು ಕೊಳ್ಳುವುದಿಲ್ಲ. ಮಹಾರಾಷ್ಟ್ರ 2018ರಲ್ಲಿ ತಂದ ಪ್ಲಾಸ್ಟಿಕ್ ನಿಷೇಧವಾಗಲಿ, 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸಿದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳ ನಿಷೇಧವಾಗಲಿ ರೇಜರನ್ನು ಮುಟ್ಟಿಲ್ಲ. ಆದ್ದರಿಂದ ಇಲ್ಲಿ ನಿಯಮ ನಮ್ಮ ಪರವಾಗಿ ಆರಿಸಿಕೊಡುವುದಿಲ್ಲ, ನಾವೇ ಆರಿಸಬೇಕು. ಬ್ಲೇಡುಗಳಿರುವ ತಲೆಯನ್ನಷ್ಟೇ ಬದಲಿಸುವ ಕಾರ್ಟ್ರಿಜ್ ರೇಜರಿನಲ್ಲಿ ಹಿಡಿ ಉಳಿಯುತ್ತದೆ ಎಂಬುದು ಒಂದು ಸಮಾಧಾನ. ಆದರೆ ತಲೆಯ ಭಾಗ ಅದೇ ಮಿಶ್ರ ವಸ್ತು, ಮತ್ತು ಒಂದು ಕಂಪನಿಯ ತಲೆ ಇನ್ನೊಂದು ಕಂಪನಿಯ ಹಿಡಿಗೆ ಕೂರುವುದಿಲ್ಲ.

ನನ್ನ ಆಯ್ಕೆ ಎರಡಂಚಿನ ಬ್ಲೇಡು ಹಾಕುವ ಲೋಹದ ಸೇಫ್ಟಿ ರೇಜರ್, ನಮ್ಮ ಅಜ್ಜಂದಿರ ಕಾಲದ್ದು. ಕಿಂಗ್ ಕ್ಯಾಂಪ್ ಜಿಲೆಟ್ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1904ರಲ್ಲಿ. ಆ ಪೇಟೆಂಟ್ ಎಂದೋ ಮುಗಿದುಹೋಗಿ ಬ್ಲೇಡಿನ ಅಳತೆ ಎಲ್ಲರ ಸ್ವತ್ತಾಗಿದೆ. ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗುವ ಯಾವ ಕಂಪನಿಯ ಬ್ಲೇಡೂ ಐವತ್ತು ವರ್ಷ ಹಳೆಯ ಹಿಡಿಯಲ್ಲಿ ಸರಿಯಾಗಿ ಕೂರುತ್ತದೆ. ಒಂದು ವಸ್ತು ಬಹುಕಾಲ ಬಾಳಬೇಕಾದರೆ ಅದರ ಬಿಡಿಭಾಗ ಯಾರೊಬ್ಬರ ಮುಷ್ಟಿಯಲ್ಲೂ ಇರಬಾರದು. ಬಿದಿರು, ಹಸಿರು ಎಲೆ ಎಲ್ಲಕ್ಕಿಂತ ದೊಡ್ಡ ಪರಿಸರದ ಗುಣ ಇದೇ ಎಂದು ನಾನು ತಿಳಿದಿದ್ದೇನೆ.

ಹಿಡಿ ಕೊಳ್ಳುವಾಗ ಲೋಹವನ್ನು ಕೇಳಿ ತಿಳಿಯಿರಿ. ಅಗ್ಗದ ಹಿಡಿಗಳು ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಮೇಲೆ ಕ್ರೋಮಿಯಂ ಲೇಪ ಕೊಟ್ಟವು. ಲೇಪ ಇರುವವರೆಗೂ ಅವು ಚೆನ್ನ. ಲೇಪ ಎದ್ದರೆ ಒಳಗಿನ ಸತು ಬೇಗ ತಿಂದುಹೋಗುತ್ತದೆ, ಮತ್ತು ಕೈಜಾರಿ ನೆಲಕ್ಕೆ ಬಿದ್ದರೆ ತಿರುಪಿನ ಬುಡದಲ್ಲಿ ಮುರಿಯುತ್ತದೆ. ನನ್ನ ಮೊದಲ ಹಿಡಿ ಹೀಗೆಯೇ ಹೋಯಿತು. ಹಿತ್ತಾಳೆಯದು ತೂಕವಾಗಿದ್ದು, ಲೇಪ ಹೋದರೂ ಒಳಗಿನ ಲೋಹ ಬಣ್ಣಗೆಡುತ್ತದೆಯೇ ಹೊರತು ಕೆಲಸ ಕೆಡಿಸುವುದಿಲ್ಲ. ಪುಣೆಯ ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಲೆಮಾರುಗಳಿಂದ ತಾಮ್ರ ಹಿತ್ತಾಳೆ ಬಡಿಯುವವರ ಅಂಗಡಿಗಳ ಮುಂದೆ ನಡೆದುಹೋದವರಿಗೆ ಹಳೆಯ ಹಿತ್ತಾಳೆ ಎಂಥ ಗಟ್ಟಿ ವಸ್ತು ಎಂದು ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ದೀರ್ಘ ಬಾಳಿಕೆ ಲೇಪವೇ ಬೇಡದ ತುಕ್ಕುನಿರೋಧಕ ಉಕ್ಕಿನ ಹಿಡಿಯದು, ಬೆಲೆಯೂ ಹೆಚ್ಚು.

ಮೂರು ಬಿಡಿಭಾಗಗಳ ಹಿಡಿಯನ್ನೇ ಆರಿಸಿ: ಮೇಲಿನ ಮುಚ್ಚಳ, ನಡುವಿನ ತಟ್ಟೆ, ಕೆಳಗಿನ ಕೋಲು. ಕೆಳಗೆ ತಿರುಗಿಸಿದರೆ ಎರಡು ಬಾಗಿಲಿನಂತೆ ತೆರೆದುಕೊಳ್ಳುವ ಬಗೆಯದು ನೋಡಲು ಚೆಂದ, ಬ್ಲೇಡು ಬದಲಿಸುವುದೂ ಸುಲಭ. ಆದರೆ ಅದರ ಸಂದುಗಳಲ್ಲಿ ಸೋಪು ಮತ್ತು ಸುಣ್ಣ ಕಟ್ಟಿಕೊಂಡರೆ ತೆಗೆಯುವುದು ಕಷ್ಟ. ಮೂರು ಭಾಗಗಳದ್ದರಲ್ಲಿ ಕೆಡಲು ಏನೂ ಇಲ್ಲ. ಹೊಸಬರು ಹಲ್ಲುಹಲ್ಲಾದ ಅಂಚಿನ ತಟ್ಟೆಯನ್ನು ಬಿಟ್ಟು ನೇರ ಅಂಚಿನದನ್ನು ತೆಗೆದುಕೊಳ್ಳಲಿ. ಅದು ಚರ್ಮಕ್ಕೆ ಸೌಮ್ಯ.

ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. ಊರಿಗೆ ಹೋದಾಗ ಅಜ್ಜನ ಅಥವಾ ದೊಡ್ಡಪ್ಪನ ಪೆಟ್ಟಿಗೆಯನ್ನು ಒಮ್ಮೆ ನೋಡಿ. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಾಜಾರಿನ ಹಳೆಯ ಸಾಮಾನಿನ ರಾಶಿಯಲ್ಲಿಯೂ ಹುಡುಕಬಹುದು. ಹಳೆಯ ಹಿಡಿಯನ್ನು ಕೊಳ್ಳುವಾಗ ತಿರುಪಿನ ಸುತ್ತುಗಳು ಸವೆದಿಲ್ಲವೇ, ತಟ್ಟೆ ಬಾಗಿಲ್ಲವೇ, ಬ್ಲೇಡು ಹಾಕಿದರೆ ಎರಡೂ ಕಡೆ ಅಲಗು ಒಂದೇ ಸಮ ಹೊರಗೆ ಕಾಣುತ್ತದೆಯೇ ಎಂದು ಪರೀಕ್ಷಿಸಿ. ಮನೆಗೆ ತಂದು ಬಿಸಿ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಔಷಧದಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿದ ಮೇಲೆ ಬಳಸಿ.

ವಿದ್ಯುತ್ ಟ್ರಿಮ್ಮರಿನ ಬಗ್ಗೆ ಕೇಳುವವರಿಗೆ ಒಂದು ಮಾತು: ಈಗಾಗಲೇ ಇದ್ದರೆ ಅದು ಪೂರ್ತಿ ಕೆಡುವವರೆಗೂ ಬಳಸಿ, ಅದೇ ಸರಿ. ಬ್ಯಾಟರಿ ಸೋತ ಮೇಲೆ ಅದು ಇ-ತ್ಯಾಜ್ಯವಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಹಂತ 2: ಬ್ಲೇಡನ್ನು ಕೊಳ್ಳುವುದು

ಇದರಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಚರ್ಮ ಒಬ್ಬೊಬ್ಬರದು ಒಂದೊಂದು ಬಗೆ. ಐದು ಬ್ಲೇಡುಗಳ ಚಿಕ್ಕ ಪೊಟ್ಟಣಗಳನ್ನು ಮೂರು ನಾಲ್ಕು ಬಗೆಯಲ್ಲಿ ತಂದು, ಒಂದೊಂದನ್ನೂ ಒಂದು ವಾರ ನೋಡಿ, ಹೊಂದಿದ್ದನ್ನು ಆಮೇಲೆ ನೂರರ ಪೆಟ್ಟಿಗೆಯಲ್ಲಿ ಕೊಳ್ಳಿ. ರವಿವಾರ ಪೇಟೆಯ ಸಗಟು ಅಂಗಡಿಗಳಲ್ಲಿ ವಿಚಾರಿಸಬಹುದು. ಜಪಾನಿನ ಫೆದರ್ ಬ್ಲೇಡು ಬಹಳ ಹರಿತವೆಂದು ಪ್ರಸಿದ್ಧ. ಕೈ ಪಳಗದೆ ಅದನ್ನು ಮೊದಲೇ ಹಿಡಿಯಬೇಡಿ. ನಮ್ಮ ದೇಶದಲ್ಲಿ ದಶಕಗಳಿಂದ ಮಾರಾಟವಾಗುತ್ತಿರುವ ಟೋಪಾಜ್, ಸೆವೆನ್ ಓ ಕ್ಲಾಕ್‌ನಂಥವು ಸುಲಭವಾಗಿ ಸಿಗುತ್ತವೆ, ಮತ್ತು ಹತ್ತಿರದಲ್ಲಿ ಸಿಗುವುದು ದೂರದಿಂದ ಕೊರಿಯರಿನಲ್ಲಿ ಗುಳ್ಳೆಗುಳ್ಳೆ ಪ್ಲಾಸ್ಟಿಕ್ ಸುತ್ತಿಕೊಂಡು ಬರುವುದಕ್ಕಿಂತ ಒಳ್ಳೆಯದು.

ಗಮನಿಸಬೇಕಾದದ್ದು ಪೊಟ್ಟಣವನ್ನು. ಕೆಲವು ಬ್ಲೇಡುಗಳು ಮೇಣದ ಕಾಗದದಲ್ಲಿ ಸುತ್ತಿ ರಟ್ಟಿನ ಪೊಟ್ಟಣದಲ್ಲಿ ಬರುತ್ತವೆ, ಕೆಲವು ಪ್ಲಾಸ್ಟಿಕ್ ಡಬ್ಬಿಯಲ್ಲಿ. ರಟ್ಟಿನದನ್ನು ಆರಿಸಿ. ಪ್ಲಾಸ್ಟಿಕ್ ಡಬ್ಬಿಯ ಹಿಂಭಾಗದಲ್ಲಿ ಹಳೆಯ ಬ್ಲೇಡು ತೂರಿಸಲು ಒಂದು ಸೀಳು ಇರುತ್ತದೆ ಎಂಬುದು ಅದರ ಒಂದು ಒಳ್ಳೆಯ ಗುಣ. ಆದರೆ ಹಾಗೆ ತುಂಬಿದ ಡಬ್ಬಿ ಮತ್ತೆ ಪ್ಲಾಸ್ಟಿಕ್ ಮತ್ತು ಉಕ್ಕಿನ ಮಿಶ್ರಣವೇ ಆಗುತ್ತದೆ. ‘ಪ್ಲಾಟಿನಂ’ ಎಂಬ ಮುದ್ರೆಗೆ ಹೆಚ್ಚಿನ ಬೆಲೆ ಕೊಡುವ ಅಗತ್ಯ ನನಗೆ ಕಂಡಿಲ್ಲ.

ಲೆಕ್ಕವನ್ನು ನಮ್ಮ ಅಡುಗೆಮನೆಯ ತಕ್ಕಡಿಯ ಮೇಲೆಯೇ ಮಾಡಿ ನೋಡಿದೆ: ಹತ್ತು ಬ್ಲೇಡುಗಳು ಸುಮಾರು 6 ಗ್ರಾಂ. ವಾರಕ್ಕೆ ನಾಲ್ಕು ಸಲ ಎಂದರೆ ವರ್ಷಕ್ಕೆ 208 ಕ್ಷೌರ. ಒಂದು ಬ್ಲೇಡು ಐದು ಸಲ ಬಂದರೆ ವರ್ಷಕ್ಕೆ 42 ಬ್ಲೇಡು, ಅಂದರೆ ಸುಮಾರು 25 ಗ್ರಾಂ ಉಕ್ಕು. ಇದು ಮರಳಿ ಕರಗಿಸಬಹುದಾದ ಒಂದೇ ವಸ್ತುವಿನ 25 ಗ್ರಾಂ.

ಹಂತ 3: ಗಡ್ಡವನ್ನು ನೆನೆಸಿ, ಕೈಯನ್ನು ಹಗುರ ಮಾಡಿ

ನೀರು ಕುಡಿದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ಮುಖಕ್ಕೆ ನೀರು ಚಿಮುಕಿಸಿ ತಕ್ಷಣ ರೇಜರ್ ಎಳೆಯುವವರ ಬ್ಲೇಡು ಎರಡೇ ದಿನಕ್ಕೆ ಮೊಂಡಾಗುವುದು ಇದರಿಂದ. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳಿ. ಸಂಪ್ರದಾಯದ ಮನೆಗಳಲ್ಲಿ ಕ್ಷೌರದ ಆಮೇಲೆಯೇ ಸ್ನಾನವಾಗಬೇಕಾದ್ದರಿಂದ, ಅಂಥವರು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಇಟ್ಟುಕೊಂಡರೆ ಅದೇ ಫಲ ಸಿಗುತ್ತದೆ. ಮೊದಲು ಸೋಪಿನಿಂದ ಮುಖ ತೊಳೆದು ಜಿಡ್ಡು ತೆಗೆಯಿರಿ, ಜಿಡ್ಡಿದ್ದಲ್ಲಿ ನೀರು ಇಳಿಯುವುದಿಲ್ಲ.

ಒತ್ತಡದ ಡಬ್ಬಿಯ ನೊರೆಯನ್ನು ಬಿಟ್ಟು ಬ್ರಶ್ಶು ಮತ್ತು ಸೋಪಿಗೆ ಮರಳಿ. ಬ್ರಶ್ಶು ನೊರೆಯನ್ನು ಕೂದಲಿನ ಬುಡಕ್ಕೆ ತಿಕ್ಕುತ್ತದೆ, ಕೂದಲನ್ನು ಎಬ್ಬಿಸಿ ನಿಲ್ಲಿಸುತ್ತದೆ, ಮತ್ತು ಒಂದು ಸೋಪಿನ ಬಿಲ್ಲೆ ತಿಂಗಳುಗಟ್ಟಲೆ ಬರುತ್ತದೆ.

ಇನ್ನು ಕೈ. ರೇಜರಿನ ತೂಕವೇ ಕೆಲಸ ಮಾಡಲಿ. ಕೋಲನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ಇನ್ನೊಂದು ಕೈಯಿಂದ ಚರ್ಮವನ್ನು ಸ್ವಲ್ಪ ಬಿಗಿಯಾಗಿಸಿ, ಎರಡು ಮೂರು ಸೆಂಟಿಮೀಟರಿನ ಚಿಕ್ಕ ಎಳೆತಗಳಲ್ಲಿ ಕೂದಲು ಬೆಳೆಯುವ ದಿಕ್ಕಿಗೇ ಎಳೆಯಿರಿ. ಕುತ್ತಿಗೆಯಲ್ಲಿ ಈ ದಿಕ್ಕು ಅಡ್ಡಾದಿಡ್ಡಿಯಾಗಿರುತ್ತದೆ, ಬೆರಳಾಡಿಸಿ ಮೊದಲೇ ತಿಳಿದುಕೊಳ್ಳಿ. ಒಂದೇ ಸುತ್ತಿನಲ್ಲಿ ನುಣ್ಣಗಾಗಬೇಕೆಂದು ಒತ್ತುವುದಕ್ಕಿಂತ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಇನ್ನೊಂದು ಸುತ್ತು ಹೋಗುವುದು ಚರ್ಮಕ್ಕೂ ಬ್ಲೇಡಿಗೂ ಹಿತ. ನಾಲ್ಕೈದು ದಿನದ ಗಡ್ಡವಿದ್ದರೆ ಮೊದಲು ಕತ್ತರಿಯಿಂದ ಚಿಕ್ಕದು ಮಾಡಿಕೊಳ್ಳಿ. ಎರಡಂಚಿನ ಬ್ಲೇಡಿನ ಎರಡೂ ಬದಿಯನ್ನು ಸಮವಾಗಿ ಬಳಸಲು ಪ್ರತಿ ನಾಲ್ಕು ಎಳೆತಕ್ಕೆ ಹಿಡಿಯನ್ನು ತಿರುಗಿಸುವ ರೂಢಿ ಮಾಡಿಕೊಳ್ಳಿ. ಎಷ್ಟೋ ಜನ ಒಂದೇ ಬದಿಯನ್ನು ಸವೆಸಿ ಬ್ಲೇಡೇ ಹೋಯಿತೆಂದು ಎಸೆಯುತ್ತಾರೆ. ಕೂದಲು ಸಿಕ್ಕಿಕೊಂಡರೆ ಸಿಂಕಿನ ಅಂಚಿಗೆ ಕುಟ್ಟಬೇಡಿ, ಒಂದು ಲೋಟ ನೀರಿನಲ್ಲಿ ಅಲ್ಲಾಡಿಸಿ. ನಲ್ಲಿಯನ್ನು ಹರಿಯಬಿಟ್ಟು ತೊಳೆಯುವುದು, ಅದೂ ಟ್ಯಾಂಕರ್ ನೀರಿಗೆ ಹಣ ಕೊಡುವ ನಮ್ಮ ಪ್ರದೇಶದಲ್ಲಿ, ಕ್ಷೌರದ ಬೇರೆಲ್ಲ ಉಳಿತಾಯವನ್ನೂ ತಿಂದುಹಾಕುತ್ತದೆ.

ಕಾಲಿನ ಕೂದಲು ತೆಗೆಯುವ ಹೆಂಗಸರಿಗೂ ಇದೇ ಹಿಡಿ, ಇದೇ ಬ್ಲೇಡು ಸಾಕು. ಉದ್ದನೆಯ ಕೋಲಿನದನ್ನು ಆರಿಸಿ, ಮಂಡಿ ಮತ್ತು ಹಿಮ್ಮಡಿಯ ಮೂಳೆಯ ಸುತ್ತ ನಿಧಾನಿಸಿ. ಆದರೆ ಬ್ಲೇಡು ಒಬ್ಬರದು ಒಬ್ಬರಿಗೇ ಇರಲಿ, ಗಂಡ ಹೆಂಡತಿಯಾದರೂ ಸರಿ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು, ಮತ್ತು ಬ್ಲೇಡಿನ ಮೇಲೆ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಅದು ಹರಡಬಹುದು. ಉಳಿತಾಯಕ್ಕಾಗಿ ಬ್ಲೇಡು ಹಂಚಿಕೊಳ್ಳುವುದು ಎಂದಿಗೂ ಪರಿಸರಸ್ನೇಹವಲ್ಲ. ಸಲೂನಿನಲ್ಲಿಯೂ ಹೊಸ ಅರ್ಧ ಬ್ಲೇಡನ್ನು ಕಣ್ಣೆದುರೇ ಮುರಿದು ಹಾಕುವಂತೆ ಸಂಕೋಚವಿಲ್ಲದೆ ಕೇಳಿ.

ಹಂತ 4: ಒಣಗಿಸುವುದು

ಇಡೀ ಬರಹದಲ್ಲಿ ಒಂದೇ ಸಲಹೆಯನ್ನು ಪಾಲಿಸುವವರಿದ್ದರೆ ಇದನ್ನು ಪಾಲಿಸಲಿ. ಕ್ಷೌರ ಮುಗಿದ ಮೇಲೆ ರೇಜರನ್ನು ತೊಳೆದು ಬಚ್ಚಲಿನ ಗೂಡಿನಲ್ಲಿ ಹಾಗೆಯೇ ಇಡುತ್ತೇವೆ. ಮುಚ್ಚಳ ಮತ್ತು ತಟ್ಟೆಯ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ನಿಂತ ನೀರು, ಜೊತೆಗೆ ಸೋಪು ಮತ್ತು ಬೆವರಿನ ಉಪ್ಪು, ಮರುದಿನದವರೆಗೂ ಅಲ್ಲಿಯೇ ಉಳಿಯುತ್ತವೆ. ಪುಣೆಯ ಏಪ್ರಿಲ್ ತಿಂಗಳಿನಲ್ಲಿ ಅದು ಅರ್ಧ ಗಂಟೆಯಲ್ಲಿ ಆರಬಹುದು. ಆದರೆ ಒಗೆದ ಬಟ್ಟೆಯೇ ಮೂರು ದಿನ ಒಣಗದ ಜುಲೈ, ಆಗಸ್ಟ್ ತಿಂಗಳಿನಲ್ಲಿ ಅದು ಆರುವುದೇ ಇಲ್ಲ. ಸಮುದ್ರದ ಉಪ್ಪುಗಾಳಿ ಬೀಸುವ ಮುಂಬಯಿ, ಗೋವೆಗಳಲ್ಲಿ ಇರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ನಾನು ಮಾಡುವ ಕ್ರಮ ಇದು. ಮೊದಲು ಹಿಡಿಯ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಸಂದಿನೊಳಗಿನ ನೊರೆ ಹೊರಬರುವಂತೆ ನೀರಿನಲ್ಲಿ ಅಲ್ಲಾಡಿಸುತ್ತೇನೆ. ಬಳಿಕ ಎರಡು ಮೂರು ಸಲ ಗಟ್ಟಿಯಾಗಿ ಕೊಡವಿ, ಒಂದು ಚಿಕ್ಕ ಗಾಜಿನ ಭರಣಿಯಲ್ಲಿರುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ತಲೆಯ ಭಾಗವನ್ನು ಐದು ಸೆಕೆಂಡು ಅದ್ದುತ್ತೇನೆ. ಸ್ಪಿರಿಟ್ ನೀರನ್ನು ತನ್ನೊಡನೆ ಬೆರೆಸಿಕೊಂಡು ಬೇಗ ಆವಿಯಾಗಿ ಹೋಗುತ್ತದೆ. ಭರಣಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟರೆ ಅದೇ ಸ್ಪಿರಿಟ್ ಹಲವು ವಾರ ಬರುತ್ತದೆ. ಮಕ್ಕಳ ಕೈಗೂ ಒಲೆಯ ಹತ್ತಿರಕ್ಕೂ ಅದು ಬಾರದಿರಲಿ. ಆಮೇಲೆ ತಿರುಪು ಸಡಿಲವಾಗಿರುವಂತೆಯೇ ರೇಜರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಒಂದು ಕಪಾಟಿನಲ್ಲಿ ನಿಲ್ಲಿಸಿಡುತ್ತೇನೆ. ಮರುದಿನ ಬಳಸುವ ಮೊದಲು ತಿರುಪನ್ನು ಮರೆಯದೆ ಬಿಗಿ ಮಾಡಬೇಕು. ಸಡಿಲ ತಲೆಯಿಂದ ಕ್ಷೌರ ಮಾಡಿದರೆ ಗಾಯ ಖಂಡಿತ.

ಟವೆಲಿನಿಂದ ಅಲಗನ್ನು ಒರೆಸಬೇಡಿ. ಬಟ್ಟೆಯ ನೂಲು ಅಲಗಿನ ಮೇಲಿನ ಆ ಜಾರುವ ತೆಳು ಪದರವನ್ನು ಕಿತ್ತುಹಾಕುತ್ತದೆ, ಬೆರಳೂ ಉಳಿಯುವುದಿಲ್ಲ. ಒರೆಸಲೇಬೇಕೆನಿಸಿದರೆ ಬ್ಲೇಡಿನ ಚಪ್ಪಟೆ ಮೇಲ್ಮೈಯನ್ನು ಮಾತ್ರ ಮೆತ್ತಗೆ ಒತ್ತಿ ತೆಗೆಯಿರಿ. ಎಣ್ಣೆಯ ಹನಿ ಹಾಕುವ ಪದ್ಧತಿಯೂ ಇದೆ, ನೀರು ತಾಗದಂತೆ ಅದು ತಡೆಯುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಸಂದಿನೊಳಗೆ ಮೇಣದಂತೆ ಕೂರುತ್ತದೆ. ಚೆನ್ನಾಗಿ ಒಣಗಿಸಿದ ಬ್ಲೇಡಿಗೆ ಎಣ್ಣೆ ಬೇಕಿಲ್ಲ ಎಂಬುದು ನನ್ನ ಅನುಭವ. ಕಾರ್ಟ್ರಿಜ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಕೊಡವಿ, ಸ್ಪಿರಿಟ್‌ನಲ್ಲಿ ಅದ್ದಿ, ಬಚ್ಚಲಿನ ಹೊರಗೆ ಇಡಿ. ಇರುವುದನ್ನು ಎಸೆದು ಹೊಸ ಲೋಹದ ಹಿಡಿ ಕೊಳ್ಳುವ ಆತುರ ಬೇಡ. ಕೈಯಲ್ಲಿರುವ ಕಾರ್ಟ್ರಿಜ್‌ಗಳು ಮುಗಿಯಲಿ.

ಪಟಕದ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಪುಣೆಯ ಅಂಗಡಿಗಳಲ್ಲಿ ತುರಟಿ ಎಂದು ಕೇಳಿದರೆ ಸಿಗುವ ಪಟಕದ ಗಟ್ಟಿ, ಕ್ಷೌರದ ನಂತರ ಒದ್ದೆ ಮುಖಕ್ಕೆ ಸವರಲು ಪ್ಲಾಸ್ಟಿಕ್ ಸೀಸೆಯ ಯಾವ ದ್ರಾವಣಕ್ಕೂ ಕಡಿಮೆಯಿಲ್ಲ. ಆದರೆ ಅದೂ ಒಂದು ಲವಣ. ಪಟಕ ಮುಟ್ಟಿದ ಕೈಯಿಂದ ಬ್ಲೇಡನ್ನು ಮುಟ್ಟಬೇಡಿ. ಮೊದಲು ರೇಜರನ್ನು ಒಣಗಲು ಇಟ್ಟು ಆಮೇಲೆ ಪಟಕ ತೆಗೆದುಕೊಳ್ಳಿ.

ಗಡಸು ನೀರಿನ ತೊಂದರೆ

ನಾವು ಮೊದಲು ಕೋಥ್‌ರೂಡಿನಲ್ಲಿದ್ದಾಗ ಖಡಕವಾಸ್ಲಾ ಜಲಾಶಯದಿಂದ ಬರುವ ನಗರಪಾಲಿಕೆಯ ನೀರಿನಲ್ಲಿ ಸೋಪು ಚಿಟಿಕೆಯಷ್ಟಿದ್ದರೂ ಮುಖದ ತುಂಬ ನೊರೆಯಾಗುತ್ತಿತ್ತು. ಉಂಡ್ರಿಗೆ ಬಂದ ಮೇಲೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ಅದೇ ಸೋಪು ಮೊಸರಿನಂತೆ ಒಡೆಯತೊಡಗಿತು. ದಖ್ಖನಿನ ಕಪ್ಪುಕಲ್ಲಿನ ಬಿರುಕುಗಳಲ್ಲಿ ಇಳಿದು ಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಅವು ಸೋಪಿನೊಡನೆ ಸೇರಿ ಜಿಗುಟಾದ ಬಿಳಿ ಗಸಿಯಾಗುತ್ತವೆ, ನೀರು ಆರಿದಾಗ ಸುಣ್ಣದ ಪೊರೆಯಾಗಿ ಅಲಗಿನ ಮೇಲೆ ಉಳಿಯುತ್ತವೆ. ಹಿಂಜವಡಿ, ವಾಘೋಲಿಯ ಕಡೆ ಹೊಸ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ಹುಬ್ಬಳ್ಳಿ, ವಿಜಯಪುರದ ಹುಡುಗರು ಬ್ಲೇಡು ಮೂರು ದಿನವೂ ಬರುವುದಿಲ್ಲ ಎಂದು ಹೇಳಿದರೆ, ತಪ್ಪು ಬ್ಲೇಡಿನದಲ್ಲ, ನೀರಿನದು ಎಂದು ನಾನು ಮೊದಲು ಅನುಮಾನಿಸುತ್ತೇನೆ.

ಪರಿಹಾರ ಸರಳವಾಗಿದೆ. ನೊರೆ ಕಲಸಲು ಮತ್ತು ಕೊನೆಯಲ್ಲಿ ರೇಜರ್ ಅದ್ದಲು ಕುಡಿಯುವ ನೀರಿನ, ಗಡಸುತನ ತೆಗೆಯುವ ಆರ್‌ಓ ಫಿಲ್ಟರಿನಿಂದ ಒಂದೊಂದು ಲೋಟ ನೀರು ತೆಗೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ, ಬ್ಲೇಡು ತೆಗೆದಿಟ್ಟು, ಹಿಡಿಯ ಭಾಗಗಳನ್ನು ಬಿಸಿ ಸೋಪುನೀರಿನಲ್ಲಿ ತಿಕ್ಕಿ. ಸುಣ್ಣ ಗಟ್ಟಿಯಾಗಿ ಕೂತಿದ್ದರೆ ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿ, ಉಕ್ಕಿನ ಹಿಡಿಯನ್ನು ಐದು ನಿಮಿಷ ಅದ್ದಿ ತಕ್ಷಣ ತೊಳೆಯಿರಿ. ಲೇಪ ಎದ್ದಿರುವ ಸತುವಿನ ಹಿಡಿಗೂ, ಬ್ಲೇಡಿಗೂ ಹುಳಿ ತಾಗಬಾರದು. ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯ ನೀರು ಯಾವುದಕ್ಕೂ ಬೇಡ.

ಮಸೆಯಬಹುದೇ?

ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಹಿಂದೆ ಮುಂದೆ ಉಜ್ಜಿ ಮತ್ತೆ ಹರಿತ ಮಾಡಿಕೊಳ್ಳುವುದನ್ನು ನನ್ನ ಅಜ್ಜ ಧಾರವಾಡದ ಮನೆಯ ಹಿತ್ತಿಲಿನಲ್ಲಿ ಮಾಡುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆ ಕಾಲದ ಇಂಗಾಲದ ಉಕ್ಕಿನ ಬ್ಲೇಡಿಗೆ ಅದರಿಂದ ಪ್ರಯೋಜನವಿತ್ತು. ತುಕ್ಕುನಿರೋಧಕ ಬ್ಲೇಡುಗಳು ವ್ಯಾಪಕವಾಗಿ ಬಂದದ್ದು 1960ರ ದಶಕದಲ್ಲಿ. ಅವುಗಳ ಅಲಗಿನ ಮೇಲಿನ ಲೇಪವನ್ನು ಗಾಜು ತೆಗೆದುಹಾಕುತ್ತದೆ, ಮತ್ತು ಎದ್ದುಹೋದ ಚಕ್ಕೆಯನ್ನು ಯಾವ ಲೋಟವೂ ಮರಳಿ ಕೂಡಿಸುವುದಿಲ್ಲ. ಜೀನ್ಸ್ ಬಟ್ಟೆಯ ಮೇಲೆ ಕಾರ್ಟ್ರಿಜ್ ರೇಜರನ್ನು ಹಿಮ್ಮುಖವಾಗಿ ಹತ್ತಿಪ್ಪತ್ತು ಸಲ ನೂಕುವ ಉಪಾಯವನ್ನೂ ನಾನು ಎರಡು ತಿಂಗಳು ಮಾಡಿ ನೋಡಿದೆ. ಸಂದಿನಲ್ಲಿ ಕೂತ ಗಸಿ ಹೊರಬಂದು ಸ್ವಲ್ಪ ಸಲೀಸು ಎನಿಸಿತು, ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅದೇ ಸಮಯವನ್ನು ಗಡ್ಡ ನೆನೆಸುವುದಕ್ಕೆ ಕೊಟ್ಟರೆ ಲಾಭ ಹೆಚ್ಚು.

ಮಸೆದು ಬಾಳಿಸಲೇಬೇಕೆನ್ನುವವರಿಗೆ ಇರುವ ನಿಜವಾದ ದಾರಿ ಹಳೆಯ ಮಡಚುವ ಕ್ಷೌರದ ಕತ್ತಿ. ಚರ್ಮದ ಪಟ್ಟಿ ಮತ್ತು ಮಸೆಗಲ್ಲು ಇದ್ದರೆ ಅದು ಒಂದು ಜೀವಮಾನ ಬರುತ್ತದೆ, ಕಸವೇ ಇಲ್ಲ. ಕಲಿಯಲು ತಿಂಗಳುಗಳು ಬೇಕು. ಅವಸರದ ಬೆಳಗಿನಲ್ಲಿ ಅದನ್ನು ಹಿಡಿಯಬಾರದು.

ಯಾವಾಗ ಬದಲಿಸಬೇಕು

ಎಷ್ಟು ಸಲ ಎಂಬುದಕ್ಕೆ ಒಂದೇ ಸಂಖ್ಯೆಯಿಲ್ಲ. ಸಾಮಾನ್ಯವಾಗಿ ಎರಡಂಚಿನ ಬ್ಲೇಡು ಮೂರರಿಂದ ಏಳು ಸಲ ಬರುತ್ತದೆ. ಹೊಸ ಬ್ಲೇಡು ಹಾಕಿದ ದಿನ ಕನ್ನಡಿಯ ಪಕ್ಕದ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ, ಪ್ರತಿ ಕ್ಷೌರಕ್ಕೂ ಒಂದೊಂದು ಚುಕ್ಕೆ ಇಡಿ. ಎರಡು ತಿಂಗಳಲ್ಲಿ ನಿಮ್ಮ ಗಡ್ಡದ ಲೆಕ್ಕ ನಿಮಗೇ ಸಿಗುತ್ತದೆ. ಒದ್ದೆ ರೇಜರನ್ನು ಬಚ್ಚಲಿನಲ್ಲಿಯೇ ಬಿಡುತ್ತಿದ್ದಾಗ ನನಗೆ ಮೂರು ಚುಕ್ಕೆ ದಾಟುತ್ತಿರಲಿಲ್ಲ. ಒಣಗಿಸತೊಡಗಿದ ಮೇಲೆ ಐದು, ಬೇಸಿಗೆಯಲ್ಲಿ ಆರು. ಬ್ಲೇಡು ಕೂದಲನ್ನು ಕತ್ತರಿಸದೆ ಎಳೆಯುತ್ತಿದೆ ಎನಿಸಿದ ಕ್ಷಣ ಬದಲಿಸಿ. ಹತ್ತು ಸಲ ಬಂತೆಂದು ಹೇಳಿಕೊಳ್ಳುವುದಕ್ಕಾಗಿ ಮುಖವನ್ನು ಕೆರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮೊಂಡು ಬ್ಲೇಡಿನ ಗಾಯಕ್ಕೆ ಹಚ್ಚುವ ಮುಲಾಮಿನ ಟ್ಯೂಬು ಹತ್ತು ಬ್ಲೇಡಿಗಿಂತ ಭಾರ.

ವಿಮಾನದಲ್ಲಿ ಬೆಂಗಳೂರಿಗೆ ಹೋಗುವವರು ಬಿಡಿ ಬ್ಲೇಡುಗಳನ್ನು ಕೈಚೀಲದಲ್ಲಿ ಒಯ್ಯಬಾರದು, ಒಪ್ಪಿಸುವ ಸಾಮಾನಿನಲ್ಲಿ ಇಡಬೇಕು. ರೇಜರಿನೊಳಗಿನ ಬ್ಲೇಡನ್ನೂ ಮೊದಲೇ ತೆಗೆಯಿರಿ, ಇಲ್ಲವಾದರೆ ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಟ್ಟುಹೋಗಬೇಕಾಗುತ್ತದೆ.

ಹಂತ 5: ಡಬ್ಬಿ

ಪುಣೆಯಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವವರಲ್ಲಿ ಬಹುಪಾಲು ಹೆಂಗಸರು. 1993ರಲ್ಲಿ ಸ್ಥಾಪನೆಯಾದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಅವರದೇ ಸಂಘಟನೆಯಿಂದ ಮುಂದೆ ‘ಸ್ವಚ್ಛ’ ಸಹಕಾರಿ ಸಂಸ್ಥೆ ಹುಟ್ಟಿತು. ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ ಎಂದು ಅವರು ನಗರದ ಜನರನ್ನು ಕೇಳಿಕೊಂಡದ್ದು, ಕಸದೊಳಗೆ ಕೈಹಾಕುವವರಿಗೆ ಒಳಗೇನಿದೆ ಎಂದು ಮೊದಲೇ ತಿಳಿಯಬೇಕು ಎಂಬ ಸರಳ ಕಾರಣಕ್ಕೆ. ಬ್ಲೇಡಿಗೂ ಇದೇ ಕಾರಣ ಸಲ್ಲುತ್ತದೆ, ಆದರೆ ಕಾಗದ ಸಾಲದು. ನನ್ನ ಕಾಗದ ಬಿಚ್ಚಿಕೊಂಡದ್ದನ್ನು ಆಗಲೇ ಹೇಳಿದ್ದೇನೆ.

ತಗಡಿನ ಒಂದು ಡಬ್ಬಿ ಬೇಕು. ಹಾಲಿನ ಪುಡಿಯದೋ ತುಪ್ಪದ್ದೋ, ಮುಚ್ಚಳವೂ ತಗಡಿನದೇ ಇದ್ದರೆ ಉತ್ತಮ. ಮುಚ್ಚಳದ ನಡುವೆ ಮೊಳೆ ಮತ್ತು ಸುತ್ತಿಗೆಯಿಂದ ಸಾಲಾಗಿ ತೂತು ಹೊಡೆದು, ಎರಡೂವರೆ ಸೆಂಟಿಮೀಟರ್ ಉದ್ದದ, ಬ್ಲೇಡು ಮಾತ್ರ ಹೋಗುವಷ್ಟು ಕಿರಿದಾದ ಸೀಳು ಮಾಡಿ. ಸೀಳಿನ ಚೂಪು ಅಂಚುಗಳನ್ನು ಒಳಕ್ಕೆ ಬಡಿದು ಸಮ ಮಾಡಿ. ಮುಚ್ಚಳವನ್ನು ಗಟ್ಟಿ ಅಂಟಿನಿಂದ ಅಥವಾ ಸುತ್ತಲೂ ಬಡಿದು ಶಾಶ್ವತವಾಗಿ ಮುಚ್ಚಿಬಿಡಿ. ತೆರೆಯಲು ಬರ‍ುವ ಡಬ್ಬಿಯನ್ನು ಯಾರಾದರೂ ಎಂದಾದರೂ ತೆರೆದೇ ತೆರೆಯುತ್ತಾರೆ. ಬ್ಲೇಡು ಬದಲಿಸುವಾಗ ಹಳೆಯದರ ಚಿಕ್ಕ ಬದಿಗಳನ್ನು ಹಿಡಿದು, ಒಣಗಿದ ಮೇಲೆ ಸೀಳಿನೊಳಗೆ ಜಾರಿಸಿ. ಡಬ್ಬಿ ಮಕ್ಕಳಿಗೆ ಎಟುಕದ ಎತ್ತರದಲ್ಲಿರಲಿ.

ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದರೆ ನಮಗೆ ಸಂತೋಷ, ಓದಬೇಕಾದವರಿಗೆ ಪ್ರಯೋಜನವಿಲ್ಲ. ದೇವನಾಗರಿ ಲಿಪಿಯಲ್ಲಿ, ದೊಡ್ಡ ಅಕ್ಷರದಲ್ಲಿ, ‘ಧಾರದಾರ್ ಬ್ಲೇಡ್, ಉಘಡೂ ನಕಾ’ ಎಂದು, ಅಂದರೆ ಹರಿತವಾದ ಬ್ಲೇಡುಗಳಿವೆ, ತೆರೆಯಬೇಡಿ ಎಂದು ಬರೆಯಿರಿ. ಓದು ಬಾರದವರಿಗಾಗಿ ಒಂದು ಬ್ಲೇಡಿನ ಚಿತ್ರವನ್ನೂ ಕೆಂಪು ಬಣ್ಣದಲ್ಲಿ ಬಿಡಿಸಿ.

ಬಿಡಿ ಬ್ಲೇಡನ್ನು ಭಂಗಾರದವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅಷ್ಟು ತೆಳುವಾದ ಚೂರು ವಿಂಗಡಣೆಯಲ್ಲಿ ಎಲ್ಲೋ ಜಾರಿಹೋಗುತ್ತದೆ. ಆದರೆ ತಗಡಿನ ಡಬ್ಬಿಯೊಳಗೆ ನೂರಾರು ಸೇರಿದಾಗ ಅದು ಆಯಸ್ಕಾಂತಕ್ಕೆ ಅಂಟುವ, ಕುಲುಮೆಗೆ ಹೋಗಬಲ್ಲ ಒಂದೇ ಉಕ್ಕಿನ ಗಟ್ಟಿ. ತುಂಬಿದ ಮೇಲೆ ಸೀಳಿನ ಮೇಲೆ ತಗಡಿನ ತುಂಡನ್ನು ಅಂಟಿಸಿ, ಸುತ್ತ ಟೇಪು ಹಾಕಿ, ಕಸದ ಚೀಲಕ್ಕೆ ಹಾಕದೆ ಕೈಯಲ್ಲಿ ಹಿಡಿದು ಭಂಗಾರದ ಅಂಗಡಿಗೆ ಒಯ್ದು, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಕೆಲವರು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಡಬ್ಬಿ ಅಲ್ಲಾಡಿಸಿ, ಮುಚ್ಚಳ ಏಳುವುದಿಲ್ಲವೆಂದು ತೋರಿಸಿದರೆ ಒಪ್ಪುತ್ತಾರೆ. ಹಣ ಕೇಳಬೇಡಿ.

ನಮ್ಮ ಸೊಸೈಟಿಯಲ್ಲಿ ಈಗ ಕಾವಲುಗಾರರ ಕೋಣೆಯ ಪಕ್ಕದಲ್ಲಿ ಎಲ್ಲ ಮನೆಗಳಿಗೂ ಸೇರಿ ಇಂಥ ಒಂದು ದೊಡ್ಡ ಡಬ್ಬಿಯನ್ನು ಗೋಡೆಗೆ ಕೂಡಿಸಿದ್ದೇವೆ. ಅದರ ಮೇಲಿನ ಮರಾಠಿ ಅಕ್ಷರಗಳನ್ನು ಬರೆದುಕೊಟ್ಟದ್ದು ಆ ಮಾವಶಿಯವರ ಮಗಳು, ಎಂಟನೆಯ ತರಗತಿಯ ಹುಡುಗಿ. ನಾನು ಬರೆದುಕೊಂಡು ಹೋಗಿದ್ದ ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು, ಅವನ್ನೂ ಅವಳೇ ತಿದ್ದಿದಳು.